ಕ್ಲಾರಾ ಬಾರ್ಟನ್ ಅವರಿಗೆ ಮನೆ, ಮನೆಯವರು ಇರಲಿಲ್ಲವೇ?

ಪ್ರಶ್ನೆ: ಕನ್ನಡ ಅಧ್ಯಾಪಿಕೆ, ಬದಿಯಡ್ಕ

ನಮ್ಮ ಶಾಲೆಯ ಜೂನಿಯರ್ ರೆಡ್‌ಕ್ರಾಸ್ ಘಟಕದ ಮಕ್ಕಳಿಗಾಗಿ, 1881ರಲ್ಲಿ ಅಮೆರಿಕನ್ ರೆಡ್‌ಕ್ರಾಸನ್ನು ಸ್ಥಾಪಿಸಿದ ಕ್ಲಾರಾ ಬಾರ್ಟನ್ ಅವರ ಕುರಿತು ಒಂದು ಭಾಷಣವನ್ನು ಸಿದ್ಧಪಡಿಸುತ್ತಿದ್ದೇನೆ. ಅಂತರ್ಯುದ್ಧದ ರಣರಂಗದಲ್ಲಿ ಅವರು ಮಾಡಿದ ಸೇವೆಯ ಬಗ್ಗೆ ಹೇಳಲು ಬೇಕಾದಷ್ಟಿದೆ. ಆದರೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು "ಅವರಿಗೆ ಮನೆ, ಮನೆಯವರು ಇರಲಿಲ್ಲವೇ ಟೀಚರ್?" ಎಂದು ಕೇಳಿದಾಗ, "ಮದುವೆಯಾಗಿರಲಿಲ್ಲ" ಎಂಬುದಕ್ಕಿಂತ ಹೆಚ್ಚಿನದೇನೂ ನನ್ನಲ್ಲಿರಲಿಲ್ಲ, ಅದು ಉತ್ತರವಲ್ಲವೆಂದು ಅವಳ ಮುಖ ನೋಡಿಯೇ ತಿಳಿಯಿತು. ಅವರ ಖಾಸಗಿ ಬದುಕಿನ ಬಗ್ಗೆ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಪಂಚಾಯತ್ ಪಾಲಿಯೇಟಿವ್ ನರ್ಸ್, ಪೆರ್ಲ

ಟೀಚರೇ, ಅವರ ಹನ್ನೊಂದನೆಯ ವಯಸ್ಸಿನಿಂದ ಆರಂಭಿಸಿ. ಮ್ಯಾಸಚೂಸೆಟ್ಸಿನ ಆಕ್ಸ್‌ಫರ್ಡ್ ಎಂಬಲ್ಲಿ 1821ರ ಡಿಸೆಂಬರ್ 25ರಂದು ಹುಟ್ಟಿದ ಕ್ಲಾರಾ, ಐವರು ಮಕ್ಕಳಲ್ಲಿ ಕಿರಿಯವರು. ಅವರಿಗಿಂತ ಮೇಲಿನ ಅಕ್ಕನಿಗೂ ಅವರಿಗೂ ಹತ್ತು ವರ್ಷಗಳ ಅಂತರವಿತ್ತು. ಕುದುರೆ ಸವಾರಿ ಕಲಿಸಿದ ಅಣ್ಣ ಡೇವಿಡ್ ಕೊಟ್ಟಿಗೆಯ ಮಾಡಿನಿಂದ ಬಿದ್ದು ಹಾಸಿಗೆ ಹಿಡಿದಾಗ, ಸುಮಾರು ಎರಡು ವರ್ಷ ಅವರೇ ಪಕ್ಕದಲ್ಲಿದ್ದು ಆರೈಕೆ ಮಾಡಿದರು. ಆ ಕಾಲದ ವೈದ್ಯರು ಕೆಟ್ಟ ರಕ್ತವನ್ನು ತೆಗೆಯಬೇಕೆಂದು ಹೇಳಿದ್ದರಿಂದ, ಅಣ್ಣನ ಮೈಗೆ ಜಿಗಣೆ ಹಚ್ಚುವ ಕೆಲಸವೂ ಆ ಎಳೆಯ ಕೈಗಳಿಗೇ ಬಂದಿತ್ತು.

ನಾನು ಮನೆಮನೆಗೆ ಹೋಗುವವಳು. ಅಡಿಕೆಮರದಿಂದ ಬಿದ್ದು ಸೊಂಟದ ಸ್ವಾಧೀನ ಕಳೆದುಕೊಂಡವರ ಮನೆಯಲ್ಲಿ, ಮಗ್ಗುಲು ಬದಲಿಸುವ ಹೊತ್ತನ್ನು ಗಡಿಯಾರ ನೋಡದೆ ಹೇಳಬಲ್ಲ ಹೆಣ್ಣುಮಕ್ಕಳನ್ನು ಕಂಡಿದ್ದೇನೆ. ರೋಗಿ ಎದ್ದು ನಡೆದ ದಿನ ಅವರ ಕೈ ಖಾಲಿಯಾಗುತ್ತದೆ. ಮನಸ್ಸು ಕುಗ್ಗುವುದು ಆಮೇಲೆಯೇ. ಡೇವಿಡ್ ಗುಣಮುಖರಾದ ಮೇಲೆ ಕ್ಲಾರಾ ಅವರಿಗೂ ಹಾಗೆಯೇ ಆಯಿತು. ಮೊದಲೇ ವಿಪರೀತ ನಾಚಿಕೆಯ ಸ್ವಭಾವದವರಾಗಿದ್ದ ಅವರು ಇನ್ನಷ್ಟು ಮುದುಡಿಹೋದರು.

ಉತ್ತರ: ನಿವೃತ್ತ ಚರಿತ್ರೆ ಅಧ್ಯಾಪಕ, ಮಂಜೇಶ್ವರ

ಮೇಲಿನ ಸಹೋದರಿ ಹೇಳಿದ ಮಾತು ಅವರ ಇಡೀ ಬದುಕಿಗೆ ಅನ್ವಯಿಸುತ್ತದೆ. 1852ರಲ್ಲಿ ನ್ಯೂಜೆರ್ಸಿಯ ಬೋರ್ಡನ್‌ಟೌನಿನಲ್ಲಿ ಅವರು ತೆರೆದ ಉಚಿತ ಶಾಲೆ ನೂರಾರು ಮಕ್ಕಳಿಂದ ತುಂಬಿದಾಗ, ಆಡಳಿತದವರು ಹೆಚ್ಚಿನ ಸಂಬಳ ಕೊಟ್ಟು ಒಬ್ಬ ಗಂಡಸನ್ನು ಅವರ ಮೇಲೆ ಮುಖ್ಯಸ್ಥನನ್ನಾಗಿ ಕೂರಿಸಿದರು. ಕ್ಲಾರಾ ರಾಜೀನಾಮೆ ಕೊಟ್ಟರು; ಆ ನೋವಿನಲ್ಲಿ ಸ್ವರವೇ ಹೋಯಿತು. ಯುದ್ಧ ಮುಗಿದು, ಕಾಣೆಯಾದ ಸೈನಿಕರನ್ನು ಹುಡುಕುವ ಕಚೇರಿಯನ್ನು ನಡೆಸಿ, 22,000ಕ್ಕೂ ಹೆಚ್ಚು ಜನರ ಗತಿ ಏನಾಯಿತೆಂದು ಮನೆಯವರಿಗೆ ತಿಳಿಸಿಕೊಟ್ಟ ಬಳಿಕ, 1868ರಲ್ಲಿ ಭಾಷಣ ಮಾಡುತ್ತಿರುವಾಗಲೇ ಸ್ವರ ಮತ್ತೊಮ್ಮೆ ಕೈಕೊಟ್ಟಿತು. ವಿಶ್ರಾಂತಿಗೆಂದು ಯುರೋಪಿಗೆ ಹೋದವರು ಜಿನೀವಾದಲ್ಲಿ ರೆಡ್‌ಕ್ರಾಸಿನ ಬಗ್ಗೆ ತಿಳಿದು, 1870ರ ಫ್ರಾಂಕೋ-ಪ್ರಷ್ಯನ್ ಯುದ್ಧ ಆರಂಭವಾದೊಡನೆ ಮತ್ತೆ ಗಾಯಾಳುಗಳ ನಡುವೆ ನಿಂತರು.

ಪ್ರೀತಿಯ ವಿಷಯವನ್ನೂ ಮುಚ್ಚಿಡಬೇಕಾಗಿಲ್ಲ. ಅವರನ್ನು ಮದುವೆಯಾಗಲು ಬಯಸಿದವರಿದ್ದರು, ಅವರೇ ಒಪ್ಪಲಿಲ್ಲ. 1863ರಲ್ಲಿ ದಕ್ಷಿಣ ಕೆರೊಲಿನಾದ ಹಿಲ್ಟನ್ ಹೆಡ್ ದ್ವೀಪದಲ್ಲಿ ಕರ್ನಲ್ ಜಾನ್ ಎಲ್ವೆಲ್ ಎಂಬ ಅಧಿಕಾರಿಯೊಂದಿಗೆ ಗಾಢವಾದ ಆಪ್ತತೆ ಬೆಳೆದಿತ್ತು. ಆತ ವಿವಾಹಿತ. ಎಂಟನೆಯ ತರಗತಿಗೆ ಇಷ್ಟು ಬೇಡವೆನಿಸಿದರೆ ಬಿಡಬಹುದು, ಆದರೆ "ಸೇವೆಗಾಗಿ ಎಲ್ಲವನ್ನೂ ತ್ಯಜಿಸಿದರು" ಎಂದು ಮಾತ್ರ ದಯವಿಟ್ಟು ಹೇಳಬೇಡಿ. ಅದರಿಂದ ಅವರು ಮನುಷ್ಯರೇ ಅಲ್ಲವೆಂಬಂತಾಗುತ್ತದೆ. ಮನೆಯವರನ್ನು ಅವರು ಬಿಡಲೂ ಇಲ್ಲ. 1862ರಲ್ಲಿ ಮರಣಶಯ್ಯೆಯಲ್ಲಿದ್ದ ತಂದೆಯ ಬಳಿ ಇದ್ದು, ಅವರ ಒಪ್ಪಿಗೆಯನ್ನು ಪಡೆದೇ ರಣರಂಗಕ್ಕೆ ಹೋದರು. ಯುದ್ಧದ ನಡುವೆಯೇ, 1865ರಲ್ಲಿ ತೀರಿಕೊಂಡ ಹಿರಿಯಣ್ಣ ಸ್ಟೀಫನ್ ಅವರ ಆರೈಕೆಯನ್ನೂ ಮಾಡಿದರು.

ಇನ್ನೊಂದು ಸಂಗತಿ. 1862ರ ಆಂಟೀಟಮ್ ಕದನದಲ್ಲಿ, ಗಾಯಗೊಂಡ ಸೈನಿಕನಿಗೆ ನೀರು ಕುಡಿಸುತ್ತಿದ್ದಾಗ, ಗುಂಡೊಂದು ಅವರ ಅಂಗಿಯ ತೋಳನ್ನು ತೂತುಮಾಡಿಕೊಂಡು ಹೋಗಿ ಆ ಸೈನಿಕನನ್ನೇ ಕೊಂದಿತು. ಆ ತೂತನ್ನು ತಾನೆಂದೂ ಹೊಲಿಯಲಿಲ್ಲವೆಂದು ಅವರು ಹೇಳಿಕೊಂಡಿದ್ದಾರೆ.

ಪ್ರಶ್ನೆ ಕೇಳಿದವರು

ಮಾಷ್ಟ್ರೇ, ನೀವು ಬೇಡವೆಂದ ಆ ವಾಕ್ಯವನ್ನು ನಾನು ಬರೆದಾಗಿತ್ತು; ಈಗ ಹೊಡೆದುಹಾಕಿದೆ. ಹಾಗಾದರೆ ಕೊನೆಯ ದಿನಗಳಲ್ಲಿ ಅವರು ಎಲ್ಲಿದ್ದರು?

ಉತ್ತರ: ಓದುಗರೊಬ್ಬರು, ಕುಂಬಳೆ

ಮೇರಿಲ್ಯಾಂಡಿನ ಗ್ಲೆನ್ ಎಕೋದಲ್ಲಿ. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ನಾನು ಆ ಮನೆಯನ್ನು ನೋಡಿದ್ದೇನೆ. 1889ರ ಜಾನ್ಸ್‌ಟೌನ್ ನೆರೆಯ ಸಂತ್ರಸ್ತರಿಗಾಗಿ ಕಟ್ಟಿದ್ದ ಕಟ್ಟಡದ ಮರಮುಟ್ಟನ್ನು ತಂದು ಕಟ್ಟಿದ ಮನೆ ಅದು. ಕೆಲಕಾಲ ರೆಡ್‌ಕ್ರಾಸಿನ ಪ್ರಧಾನ ಕಚೇರಿಯೂ, ಉಗ್ರಾಣವೂ ಅದೇ ಆಗಿತ್ತು. ಸಾಮಾನಿಡುವ ಕಪಾಟುಗಳನ್ನು ಗೋಡೆಯ ಒಳಗೇ ಮಾಡಿದ್ದಾರೆ. ತಲೆಯೆತ್ತಿ ನೋಡಿದರೆ ಛಾವಣಿಯ ಒಳಮೈಗೆ ಹಲಗೆಯಿಲ್ಲ, ಗಾರೆಯಿಲ್ಲ. ತೆಳುವಾದ ಬಿಳಿ ಹತ್ತಿಬಟ್ಟೆಯನ್ನು ಎಳೆದು ಕಟ್ಟಿದ್ದಾರೆ. ನಾನು ಬಹಳ ಹೊತ್ತು ಅದರ ಕೆಳಗೆ ನಿಂತಿದ್ದೆ. 1904ರಲ್ಲಿ ಸಂಸ್ಥೆಯಿಂದ ಹೊರಬಂದ ಮೇಲೂ ಅವರು ಅಲ್ಲಿಯೇ ಉಳಿದರು. 1912ರ ಏಪ್ರಿಲ್ 12ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಅದೇ ಮನೆಯಲ್ಲಿ ಕೊನೆಯುಸಿರೆಳೆದರು. ಮನೆಯಿತ್ತೆಂದು ಆ ಹುಡುಗಿಗೆ ಖಂಡಿತವಾಗಿ ಹೇಳಿ ಟೀಚರೇ.