ಬ್ರೌನ್ ಕಾರ್ಪಸ್‌ನಲ್ಲಿ ಕರ್ಮಣಿ ಪ್ರಯೋಗ ಹುಡುಕೋದು ಹೇಗೆ?

ಪ್ರಶ್ನೆ: ಬ್ರೌನ್ ಕಾರ್ಪಸ್ ಅನ್ನೋ ಇಂಗ್ಲಿಷ್ ಬರಹಗಳ ಸಂಗ್ರಹದಿಂದ ಕರ್ಮಣಿ ವಾಕ್ಯಗಳನ್ನು ಹೆಕ್ಕುತ್ತಿದ್ದೇನೆ. 'ವಾಸ್' ಆದ ಮೇಲೆ 'ಇಡಿ'ಯಲ್ಲಿ (-ed) ಮುಗಿಯುವ ಪದ ಇದ್ದರೆ ಸಾಕು ಅಂತ ಹುಡುಕಿದರೆ 'ವಾಸ್ ಟಯರ್ಡ್' ಥರದ್ದೂ ಬರುತ್ತಿವೆ, 'ವಾಸ್ ಟೇಕನ್' ತಪ್ಪಿಹೋಗುತ್ತಿದೆ. ಬೇರೆ ದಾರಿ ಇದೆಯಾ?

ಉತ್ತರ 1: ಅಕ್ಷರ ಬಿಡಿ, ಟ್ಯಾಗ್ (ಪ್ರತಿ ಪದದ ವ್ಯಾಕರಣ ವರ್ಗ ಹೇಳುವ ಗುರುತು) ನೋಡಿ. ಟ್ಯಾಗ್ ಹಾಕಿದ ಆವೃತ್ತಿಯಲ್ಲಿ 'ಬಿ' ಕ್ರಿಯಾಪದದ ರೂಪಗಳಿಗೆ ಬೇರೆಯೇ ಟ್ಯಾಗ್‌ಗಳಿವೆ. ಅದರ ಮುಂದೆ ವಿಬಿಎನ್ ('ಟೇಕನ್' ಥರದ ಭೂತ ಕೃದಂತದ ಟ್ಯಾಗ್) ಇದೆಯಾ ನೋಡಿ, ನಡುವೆ ಒಂದೆರಡು ಕ್ರಿಯಾವಿಶೇಷಣಕ್ಕೂ ಜಾಗ ಬಿಡಿ, ಇಲ್ಲಾಂದ್ರೆ 'ವಾಸ್ ಕ್ವಿಕ್ಲಿ ಟೇಕನ್' ಸಿಗುವುದಿಲ್ಲ. 'ಬೈ' ಇರಲೇಬೇಕು ಅಂತ ಮಾತ್ರ ಹಾಕಬೇಡಿ. ಹೆಚ್ಚಿನ ಕರ್ಮಣಿ ವಾಕ್ಯಗಳಲ್ಲಿ ಕೆಲಸ ಮಾಡಿದವರು ಯಾರು ಅಂತ ಹೇಳುವುದೇ ಇಲ್ಲ.

ಉತ್ತರ 2: ಟ್ಯಾಗ್ ಇದ್ದರೂ ತಲೆನೋವು ತಪ್ಪಲ್ಲ. 'ದ ಗ್ಲಾಸ್ ವಾಸ್ ಬ್ರೋಕನ್' ಅಂದರೆ ಯಾರೋ ಒಡೆದರೋ, ಮೊದಲೇ ಒಡೆದಿತ್ತೋ? ಇಂಥವನ್ನು ಓದಿಯೇ ತೀರ್ಮಾನಿಸಬೇಕು. ಹಾಗೇ ವಿಭಾಗವಾರು ಎಣಿಸಿ, ವಿದ್ವತ್ ಬರಹದ 80 ಮಾದರಿಗಳಲ್ಲಿ ಕತೆಗಳಿಗಿಂತ ಕರ್ಮಣಿ ಜಾಸ್ತಿ.

ಉತ್ತರ 3: 'ಗಾಟ್ ಅರೆಸ್ಟೆಡ್' ಥರದ್ದು ಬೇಕಾದರೆ ಬ್ರೌನ್ ಸಾಲದು. ಬ್ರೌನ್‌ನಲ್ಲಿರೋದೆಲ್ಲಾ 1961ರಲ್ಲಿ ಅಮೆರಿಕದಲ್ಲಿ ಅಚ್ಚಾದ ಗದ್ಯ, 'ಗಾಟ್' ಹಾಕಿದ ಕರ್ಮಣಿ ಹೆಚ್ಚಾಗಿ ಮಾತಿನಲ್ಲಿ ಬರುವ ರೂಪ ಅಲ್ವಾ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನ 10 ಕೋಟಿ ಪದಗಳಲ್ಲಿ ಸುಮಾರು 1 ಕೋಟಿ ಮಾತಿನದ್ದು, ಅಲ್ಲಿ ಹುಡುಕಿ.