ಹಳೆಯ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ: ಯಾವ ಅಂಕಿಯನ್ನು ನಂಬಲಿ?

ಸಹಾಯ ಬೇಕು. ಐದು ವರ್ಷ ಓಡಿರುವ ಎಲೆಕ್ಟ್ರಿಕ್ ಕಾರೊಂದನ್ನು ಕೊಳ್ಳುವ ಮಾತುಕತೆಯಲ್ಲಿದ್ದೇನೆ. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ, ಅಷ್ಟರೊಳಗೆ ಸಾಮರ್ಥ್ಯ ಶೇ 70ಕ್ಕಿಂತ ಕೆಳಗಿಳಿದರೆ ಮಾತ್ರ ಕಂಪನಿ ಹೊಣೆ. ಟೈರ್, ಬ್ರೇಕ್ ಬಗ್ಗೆ ತಕರಾರಿಲ್ಲ.

ಮಾರುವವರು ಕೊಟ್ಟ ಸರ್ವಿಸ್ ವರದಿಯಲ್ಲಿ ಬ್ಯಾಟರಿ ಆರೋಗ್ಯ (ಹೊಸದಿದ್ದಾಗಿನ ಸಾಮರ್ಥ್ಯದಲ್ಲಿ ಈಗ ಉಳಿದಿರುವ ಪಾಲು) ಶೇ 91 ಎಂದಿದೆ. ಸ್ಟೀರಿಂಗ್ ಕೆಳಗೆ, ಕಾರಿನ ಕಂಪ್ಯೂಟರ್‌ನ ಮಾಹಿತಿ ಓದಲು ಇರುವ ಓಬಿಡಿ ಪೋರ್ಟ್‌ಗೆ ಅಡಾಪ್ಟರ್ ಸಿಕ್ಕಿಸಿ ಮೊಬೈಲ್‌ನಲ್ಲಿ ನೋಡಿದರೆ ಶೇ 83! ಇದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯ ಬ್ಯಾಟರಿ. ಚಾರ್ಜ್ ಇಳಿದರೂ ಇದರ ವೋಲ್ಟೇಜ್ ಅಷ್ಟಾಗಿ ಬದಲಾಗುವುದಿಲ್ಲ; ಆಗಾಗ ಶೇ 100ರವರೆಗೆ ತುಂಬಿಸದಿದ್ದರೆ ಕಾರಿನ ಲೆಕ್ಕವೇ ತಪ್ಪುತ್ತದೆ. ಅದಕ್ಕೇ ಮಾಲೀಕರನ್ನು ಒಪ್ಪಿಸಿ, ನಿಧಾನ ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ ಮತ್ತೆ ನೋಡಿದೆ. ಅಂಕಿ ಕದಲಲಿಲ್ಲ. ಮೀಟರ್‌ನ ಯೂನಿಟ್ ಹಿಡಿದು ಲೆಕ್ಕ ಹಾಕೋಣವೆಂದರೆ, ಚಾರ್ಜ್ ಆಗುವಾಗಲೇ ಒಂದಷ್ಟು ವಿದ್ಯುತ್ ಶಾಖವಾಗಿ ಪೋಲಾಗುತ್ತದೆ, ಹಾಗಾಗಿ ಆ ಲೆಕ್ಕವೂ ಕರಾರುವಾಕ್ಕಲ್ಲ.

ಪೆಟ್ರೋಲ್‌ನಲ್ಲಿ ಉಳಿಸಿದ್ದೆಲ್ಲ ಹೊಸ ಬ್ಯಾಟರಿಗೇ ಹೋದೀತೆಂಬ ಭಯ ನನ್ನದು.

ವಾರಂಟಿ ಪಡೆದವರು ದಯವಿಟ್ಟು ತಿಳಿಸಿ: ಆ ಶೇ 70ನ್ನು ಕಂಪನಿಯವರು ಕಾರಿನ ಕಂಪ್ಯೂಟರ್ ತೋರಿಸುವ ಅಂಕಿಯಿಂದ ತೀರ್ಮಾನಿಸುತ್ತಾರೆಯೇ, ಅಥವಾ ಬ್ಯಾಟರಿಯನ್ನು ಖಾಲಿ ಮಾಡಿ, ತುಂಬಿಸಿ ಅಳೆಯುತ್ತಾರೆಯೇ? ಈಗ 91, 83ರಲ್ಲಿ ಯಾವುದನ್ನು ಹಿಡಿದು ಬೆಲೆ ಮಾತನಾಡಲಿ?