ಈಸ್ಟರ್ ಆಯ್ತು, ಮನೆಯಾಗ ಏನೂ ಬದಲಾಗಿಲ್ಲ: ಅನುಭವ ಇದ್ದವರು ಹೇಳ್ರಿ

ಹುಮನಾಬಾದ್ ರಸ್ತೆ: ಬೀದರದಿಂದ ಬರೀಲಿಕ್ಕತ್ತೀನಿ. ಈಸ್ಟರ್ ಮುಂಚಿನ ತಪಸ್ಸುಕಾಲ ಪೂರ್ತಿ ಮನೆಯಾಗ ಮಾಂಸ ಬಿಟ್ಟಿದ್ವಿ. ಹಬ್ಬದ ಬಿರಿಯಾನಿ ಆಯ್ತು, ಸೋಮವಾರದಿಂದ ಮತ್ತ ಅದೇ ಸಿಟ್ಟು. ಹೊಲದ ಪಾಲಿನ ಸಲುವಾಗಿ ತಮ್ಮನ ಕೂಡ ಮಾತಿಲ್ಲ. ಪುನರುತ್ಥಾನ ಅಂಬೋದು ದಿನದ ಬಾಳ್ವೇದಾಗ ಹೆಂಗ ನಡೆಸ್ತೀರಿ?

ಪಾಸ್ಕ ಬತ್ತಿ, ಕಲಬುರಗಿ: ಸೋಮವಾರಕ್ಕ ಹಬ್ಬ ಮುಗೀತು ಅಂದವರ್ಯಾರು? ಪಾಸ್ಕ ಕಾಲ, ಅಂದ್ರ ಈಸ್ಟರ್ ಹಬ್ಬದ ಕಾಲ, 50 ದಿನ. 2026ರಾಗ ಏಪ್ರಿಲ್ 5ರಿಂದ ಮೇ 24, ಪವಿತ್ರಾತ್ಮ ಇಳಿದ ಪೆಂತೆಕೋಸ್ತ್ ಹಬ್ಬದ ತನಕ. ತಪಸ್ಸುಕಾಲ ಬೂದಿ ಬುಧವಾರದಿಂದ ಈಸ್ಟರ್ ಮುಂಚಿನ ದಿನದ ತನಕ 46 ದಿನ, ಆರು ಭಾನುವಾರ ಕಳದ್ರ 40. ಆ 40ಕ್ಕ ಎಲ್ಲರ ಹತ್ರ ಪಟ್ಟಿ ಇರ್ತದ. ಮುಂದಿನ 50ಕ್ಕ ಒಂದು ಸಾಲೂ ಇರಲ್ಲ. ಬಿಟ್ಟ ಚಟ ವಾಪಸ್ ಬರೋದು ಅಲ್ಲೇ.

ಮಾಡೋದು ಇಷ್ಟು. ಈಸ್ಟರ್ ಜಾಗರಣೆ ರಾತ್ರಿ ದೀಕ್ಷಾಸ್ನಾನದ ವಾಗ್ದಾನ ಮತ್ತ ಮಾಡ್ತೀವಲ್ಲ, ಅದರಾಗಿನ 'ಸೈತಾನನ್ನ ತ್ಯಜಿಸ್ತೀರಾ' ಅನ್ನೋ ಥರದ ಪ್ರಶ್ನೆ ಮೂರನ್ನೂ ದಿನಾ ರಾತ್ರಿ ಕೇಳ್ಕೋಬೇಕು. ಸೈತಾನ ಅಂತ ದೊಡ್ಡ ಹೆಸರು ಹೇಳಿದ್ರ ಯಾರಿಗೂ ತಾಗಲ್ಲ. 'ತಮ್ಮನ ಹೆಂಡತಿ ಬಗ್ಗೆ ಮಧ್ಯಾಹ್ನ ಆಡಿದ ಮಾತು' ಅಂತ ಹೆಸರಿಟ್ಟು ಕೇಳ್ರಿ. ಆ ರಾತ್ರಿ ಗುಡಿಯಾಗ ಕೈಗೆ ಕೊಟ್ಟ ಮೇಣದ ಬತ್ತಿ ಊಟಕ್ಕ ಮುಂಚೆ ಹಚ್ಚಬೇಕು, ಎರಡೇ ನಿಮಿಷ, ಇಲ್ಲಂದ್ರ 50 ದಿನ ಬಾಳಲ್ಲ. ಫ್ಯಾನ್ ಬಂದ್ ಮಾಡದಿದ್ರ ಆರ್ತದ, ಬಂದ್ ಮಾಡಿದ್ರ ನಮ್ಮ ಬಿಸಿಲಿಗೆ ಮಕ್ಕಳು ಕೂಗಾಡ್ತಾವ. ಎರಡು ನಿಮಿಷ ತಡ್ಕೋಬೇಕು, ಅದೂ ಸಾಧನೇನೇ. ಈ ದಿನಗಳಾಗ ಉಪವಾಸ ಬ್ಯಾಡ, ಪ್ರಾರ್ಥನೆ ನಿಂತು ಮಾಡ್ರಿ. ಕ್ರಿ.ಶ. 325ರಾಗ ಬಿಷಪರು ಕೂಡಿದ ನೈಸಿಯಾ ಸಭೆ ಈ 50 ದಿನ ಮಂಡಿಯೂರಬಾರದು ಅಂತ ಕಟ್ಟಳೆ ಮಾಡಿತ್ತು.

ಹೊಸ ಜೀವ, ಶಹಾಪುರ: ಕ್ಯಾಲೆಂಡರ್ ನೋಡಿ ಸಾಯುವುದು, ಕ್ಯಾಲೆಂಡರ್ ನೋಡಿ ಏಳುವುದು! ಅಪೊಸ್ತಲ ಪೌಲನು ದಿನಾಲೂ ಸಾಯುತ್ತೇನೆಂದು ಬರೆದ, 1 ಕೊರಿಂಥ 15:31. ಬತ್ತಿ, ಬೂದಿ ಏನೂ ಬೇಕಿಲ್ಲ. ಬೈಬಲ್ಲಿನಲ್ಲಿ ಅವನ ಪತ್ರ ಕೊಲೊಸ್ಸೆ 3 ತೆಗೆಯಿರಿ. ಎಂಟನೇ ವಚನದಲ್ಲಿ ಬಿಡಬೇಕಾದದ್ದು ಐದು: ಕ್ರೋಧ, ಕೋಪ, ಮತ್ಸರ, ದೂಷಣೆ, ಕೆಟ್ಟ ಮಾತು. ಹನ್ನೆರಡರಲ್ಲಿ ಧರಿಸಬೇಕಾದದ್ದೂ ಐದು: ಕನಿಕರ, ದಯೆ, ದೀನಭಾವ, ಸಾತ್ವಿಕತ್ವ, ದೀರ್ಘಶಾಂತಿ. ಸೋಮವಾರದಿಂದ ಶುಕ್ರವಾರ, ದಿನಕ್ಕೊಂದು ಜೋಡಿ. ಬೆಳಗ್ಗೆ ಫೋನ್ ಮುಟ್ಟುವ ಮೊದಲು ಹದಿನೈದು ನಿಮಿಷ. ಇಂದು ಯಾರ ಮುಂದೆ ಯಾವುದು ಬೇಕಾಗುತ್ತದೆ ಎಂದು ಹೆಸರು ಬರೆದುಕೊಳ್ಳಿ. ಹೆಚ್ಚಿನವರು ಬಿಡುವ ಐದನ್ನೇ ಹಿಡಿದು ಕೂಡುತ್ತಾರೆ. ಸಿಟ್ಟು ನುಂಗಿ ಮಾತು ಬಿಟ್ಟರೆ ಅದು ದೀರ್ಘಶಾಂತಿಯಲ್ಲ, ಮುನಿಸು.

ಬುಧವಾರ ಶುಕ್ರವಾರ, ಬೀದರ್: ಒಬ್ಬರೇ ಕೂತು ಐದು ಬಿಟ್ಟೆ, ಐದು ತೊಟ್ಟೆ ಅಂದ್ರ ನೋಡಿದವರ್ಯಾರು ಬ್ರದರ್? ಅದಕ್ಕೇ ಮೆಥೋಡಿಸ್ಟ್ ಸಭೆಯವರಾಗ ಸಣ್ಣ ಗುಂಪಾಗಿ ಬಾಳ್ವೆ ಲೆಕ್ಕ ಹೇಳೋ ಕ್ಲಾಸ್ ಮೀಟಿಂಗ್ ಹುಟ್ಟಿದ್ದು. 1742ರಾಗ ಇಂಗ್ಲೆಂಡಿನ ಬ್ರಿಸ್ಟಲ್‌ನಾಗ ಸಭಾಮಂದಿರದ ಸಾಲ ತೀರಿಸಲಿಕ್ಕ ಹನ್ನೆರಡು ಮಂದಿಗೊಬ್ಬ ಲೀಡರ್, ವಾರಕ್ಕೊಂದು ಪೆನ್ನಿ. ಮನೆಮನೆಗೆ ರೊಕ್ಕ ಕೇಳಲಿಕ್ಕ ಹೋದಾಗ ಯಾರ ಮನೆಯಾಗ ಏನು ಜಗಳ ಅದ ಅಂತ ತಿಳೀತು. ರೊಕ್ಕ ಹೋಗಿ ಆತ್ಮದ ಲೆಕ್ಕ ಸುರುವಾಯ್ತು.

ತಮ್ಮನ ವಿಷಯಕ್ಕ ಯೋಹಾನ 21 ಓದ್ರಿ. ಶಿಷ್ಯ ಪೇತ್ರ ಏಸುನ್ನ ಅರಿಯೆ ಅಂತ ಅಲ್ಲಗಳೆದಾಗ ಮುಂದ ಇದ್ದಲು ಬೆಂಕಿ ಇತ್ತು, ದಂಡೆ ಮ್ಯಾಲ ಏಸು ಹಚ್ಚಿಟ್ಟಿದ್ದೂ ಇದ್ದಲು ಬೆಂಕಿ. ಮೊದಲು ರೊಟ್ಟಿ, ಮೀನು. 'ನನ್ನನ್ನ ಪ್ರೀತಿಸ್ತೀಯಾ' ಅನ್ನೋ ಪ್ರಶ್ನೆ ಊಟ ಆದ ಮ್ಯಾಲ. ಅದೇ ವರಸೆ ಹಿಡೀರಿ: ಊಟಕ್ಕ ಕರೀರಿ, ಪಂಚರನ್ನ ಕರೀಬ್ಯಾಡ್ರಿ, ಪಹಣಿ ಕಪಾಟಿನಾಗೇ ಇರಲಿ. 'ತಪ್ಪಾಯ್ತು, ಆದ್ರ ನೀನೂ...' ಅಂದ್ರ ಅಲ್ಲಿಗೆ ಮುಗೀತು. ಅವನ ಪಾಲಿನ ತೊಗರಿ ರೊಕ್ಕ ನಿಮ್ಮ ಹತ್ರ ಉಳಿದಿದ್ರ ಯಾಜಕಕಾಂಡ 6ರ ಲೆಕ್ಕ ಹಾಕ್ರಿ, ಅಸಲಿನ ಮ್ಯಾಲ ಐದನೇ ಒಂದು ಪಾಲು. 10,000ಕ್ಕ 12,000. ಒಮ್ಮೆಲೆ ಆಗಲ್ಲ ಅಂದ್ರ ತಿಂಗಳಿಗೆ 1,000ದಂಗ ವರ್ಷ. ಮೋಸದ ರೊಕ್ಕಕ್ಕ ನಾಲ್ಕು ಪಟ್ಟು ಕೊಡ್ತೀನಿ ಅಂದ ಸುಂಕದವ ಜಕ್ಕಾಯನಂಗ 40,000 ಮಾತಾಡೋ ಮಂದಿ ನಾಲ್ಕು ರೂಪಾಯೂ ಬಿಚ್ಚಲ್ಲ. ತಮ್ಮ ರೊಕ್ಕ ಎಣಿಸಿ ಕಿಸೆಗೆ ಹಾಕ್ಕೊಂಡು ಮಾತಾಡದೇ ಹೋಗಬಹುದು. ಹೋಗಲಿ. ಕೊಟ್ಟದ್ದನ್ನ ಆಡಿ ತೋರಿಸಬ್ಯಾಡ್ರಿ.

ಪಾಸ್ಕ ಬತ್ತಿ, ಕಲಬುರಗಿ: ಫಾದರ್ ಮುಂದ ಪಾಪನಿವೇದನೆ ಇಲ್ಲದೇ ಬರೇ ಕಂತು ಕಟ್ಟಿದ್ರ ಆಯ್ತಾ?

ಬುಧವಾರ ಶುಕ್ರವಾರ, ಬೀದರ್: ಫಾದರ್ ಕಿವಿಯಾಗ ಹೇಳಿದ್ರ ತಮ್ಮನ ರೊಕ್ಕ ಮುಟ್ಟತದೇನು?

ಪಾಸ್ಕ ಬತ್ತಿ, ಕಲಬುರಗಿ: ಕಿತ್ತುಕೊಂಡದ್ದು ತಿರುಗಿ ಕೊಡಬೇಕು ಅಂತ ನಮ್ಮಲ್ಲೂ ಅದ. ಅರ್ಧ ತಿಳ್ಕೊಂಡು ಮಾತಾಡಬ್ಯಾಡ್ರಿ.

ಹೊಸ ಜೀವ, ಶಹಾಪುರ: ಇಬ್ಬರೂ ಮೊದಲು ದೀರ್ಘಶಾಂತಿ ಧರಿಸಿಕೊಳ್ಳಿ.

ಅಡುಗೆಮನಿ ಅಕ್ಕ, ಭಾಲ್ಕಿ: ಬೆಂಕಿ ಹಚ್ಚಿದ್ದು ಯಾರು ಅಂತ ಓದಿದ್ರಲ್ಲ, ಏಸುಸ್ವಾಮಿ ತಾನೇ. ನಾಲ್ಕೂ ಸುವಾರ್ತೆಯಾಗ ಬೆಳಗ್ಗೆ ಸಮಾಧಿಗೆ ಮೊದಲು ಹೋದವರು ಹೆಣ್ಣುಮಕ್ಕಳು. ಈಗ ಸೂರ್ಯೋದಯದ ಆರಾಧನೆ ದಿನ ಹೆಣ್ಣುಮಕ್ಕಳು ಎಲ್ಲಿ? ರಾತ್ರಿ ಎರಡಕ್ಕ ಎದ್ದು ನೂರು ಮಂದಿಗೆ ಉಪ್ಪಿಟ್ಟು: ರವಾ 8 ಕೆಜಿ, ನೀರು 20 ಲೀಟರ್, ಸೌಟು ತಿರುವಿ ತಿರುವಿ ರಟ್ಟೆ ಬೀಳ್ತಾವ. 'ಎದ್ದಿದ್ದಾನೆ' ಅಂತ ಮೈಕಿನಾಗ ಕೂಗೂದು ಗೋಡೆ ಆಚೆಯಿಂದ ಕೇಳಬೇಕು. ದಿನದ ಬಾಳ್ವೆ ಅಂತ ಕೇಳಿದ್ರಲ್ಲ, ಇಲ್ಲಿಂದ ಸುರು ಮಾಡ್ರಿ. ಗಂಡಸರು ಸುಸಲಾ ಮಾಡ್ರಿ, ಒಗ್ಗರಣೆ ಹಿಂದಿನ ದಿನ ಸಂಜಿಗೇ ಆಗ್ತದ. ಮಂಡಕ್ಕಿ ನೆನೆಸಿ ಹಿಂಡಿ ಕಲಸೋದು ಆಶೀರ್ವಾದ ಆದ ಮ್ಯಾಲೇ. ಮೊದಲೇ ಕಲಸಿದ್ರ ಮುದ್ದಿ ಆಗ್ತದ.

ಬುಧವಾರ ಶುಕ್ರವಾರ, ಬೀದರ್: ಅಕ್ಕಾ, ನೂರು ಮಂದಿಗೆ ಹಿಂಡಿ ಕಲಸಲಿಕ್ಕ ಅರ್ಧ ತಾಸು ಹಿಡೀತದ. ಮಂದಿ ಅಲ್ಲೀತನಕ ನಿಲ್ಲಲ್ಲ.

ಅಡುಗೆಮನಿ ಅಕ್ಕ, ಭಾಲ್ಕಿ: 50 ದಿನ ನಿಂತು ಪ್ರಾರ್ಥನೆ ಮಾಡೋರು ಅರ್ಧ ತಾಸು ನಿಲ್ಲಲ್ಲಂದ್ರ ಹೆಂಗ?

ಪಾಸ್ಕ ಬತ್ತಿ, ಕಲಬುರಗಿ: ನಿಂತು ಪ್ರಾರ್ಥನೆ ಅಂದವನು ನಾನು. ಅವರದು ಬೇರೆ ಸಭೆ.